ಬಿಸಿ ಮಾಡಿಟ್ಟ ಗಾಡಿಯ ಟೆಸ್ಟ್ ಡ್ರೈವ್ ಸಾಲದು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಆಡಿ ಟಿಟಿ, ಮಸ್ಟಾಂಗ್ ಜಿಟಿ, ಬಿಎಂಡಬ್ಲ್ಯು ಜೆಡ್4ನಂಥ ಸ್ಪೋರ್ಟ್ಸ್ ಕಾರುಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳುವವರು ಪೇಂಟು, ಟೈರು, ಓಡಿದ ಕಿಲೋಮೀಟರ್ ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾರೆ. ಆದರೆ ಆ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ರಿಪೇರಿಗಳಲ್ಲಿ ಒಂದಾದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪರೀಕ್ಷೆ 2 ಕಿ.ಮೀ. ಸುತ್ತಿನಲ್ಲಿ ಮುಗಿದುಹೋಗುತ್ತದೆ. ಅದೂ ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟ ಗಾಡಿಯಲ್ಲಿ. ಗೇರ್‌ಬಾಕ್ಸಿನ ಕೆಲವು ದೋಷ ತಣ್ಣಗಿದ್ದಾಗಷ್ಟೇ ಕಾಣುತ್ತವೆ, ಕೆಲವು ಚೆನ್ನಾಗಿ ಕಾದ ಮೇಲಷ್ಟೇ. ಎರಡನ್ನೂ ನೋಡದೆ ಮುಂಗಡ ಕೊಡಬಾರದು.

ರಾತ್ರಿಯಿಡೀ ನಿಂತ ಗಾಡಿಯನ್ನೇ ನೋಡುತ್ತೇವೆಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಸ್ಟಾರ್ಟ್ ಮಾಡಿದಾಗ ಐಡಲ್ (ನಿಂತ ಗಾಡಿಯಲ್ಲಿ ಎಂಜಿನ್ ತಿರುಗುವ ವೇಗ) 1200 ಆರ್‌ಪಿಎಂ ಆಸುಪಾಸಿನಲ್ಲಿ ಇರುತ್ತದೆ. ಆಗಲೇ ಗೇರ್ ಹಾಕಿದರೆ ಒಳ್ಳೆಯ ಗಾಡಿಯೂ ಸ್ವಲ್ಪ ಧಡಕ್ ಎನ್ನುತ್ತದೆ. ಐಡಲ್ ಇಳಿದ ಮೇಲೆ ಬ್ರೇಕ್ ಒತ್ತಿಹಿಡಿದು ರಿವರ್ಸ್‌ಗೆ, ಆಮೇಲೆ ಡ್ರೈವ್‌ಗೆ ಹಾಕಿ. ಹೆಚ್ಚೆಂದರೆ ಒಂದೂವರೆ ಸೆಕೆಂಡಿನಲ್ಲಿ ಗೇರ್ ಕಚ್ಚಬೇಕು. ಎರಡು ಸೆಕೆಂಡ್ ದಾಟಿದರೆ ಅಥವಾ ತಡವಾಗಿ ಗುದ್ದಿದಂತೆ ಕಚ್ಚಿದರೆ ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಒಳಗಿನ ಸೀಲುಗಳು ಗಟ್ಟಿಯಾಗಿ ಪ್ರೆಷರ್ ಸೋರುತ್ತಿದೆ ಎಂದರ್ಥ. ಮೊದಲ ಒಂದೆರಡು ನಿಮಿಷ ಗೇರ್‌ಗಳು ತುಸು ತಡವಾಗಿ ಬದಲಾಗುವುದು ಮಾತ್ರ ದೋಷವಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲೆಂದು ಕಂಪ್ಯೂಟರೇ ಹಾಗೆ ಮಾಡುತ್ತದೆ.

ಯಾವ ಗೇರ್‌ಬಾಕ್ಸ್ ಎಂಬುದನ್ನು ಹೋಗುವ ಮೊದಲೇ ತಿಳಿದುಕೊಳ್ಳಬೇಕು. 2016ರಲ್ಲಿ ಇಲ್ಲಿಗೆ ಬಂದ ಮಸ್ಟಾಂಗ್ ಜಿಟಿಯಲ್ಲಿರುವುದು ಎಂಜಿನ್ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ 6 ಸ್ಪೀಡ್. 2015ರ ಟಿಟಿ ಹಾಗೂ 2017ರ ಆಕ್ಟೇವಿಯಾ ವಿಆರ್‌ಎಸ್‌ನಲ್ಲಿ ಆಯಿಲಿನಲ್ಲಿ ಮುಳುಗಿದ ಎರಡು ಕ್ಲಚ್‌ಗಳ 6 ಸ್ಪೀಡ್ ಇದೆ. ಪೋಲೊ ಜಿಟಿ ಟಿಎಸ್‌ಐಯ 7 ಸ್ಪೀಡ್‌ನಲ್ಲಿ ಆ ಕ್ಲಚ್‌ಗಳು ಒಣ ಕ್ಲಚ್‌ಗಳು. ನಡುಕ ಒಂದೇ ತರಹ ಕಂಡರೂ ಕಾರಣ ಬೇರೆ ಬೇರೆ.

ಟಾರ್ಕ್ ಕನ್ವರ್ಟರ್ ಇರುವ ಗಾಡಿಯನ್ನು ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ 60ರಿಂದ 80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಓಡಿಸಿ. ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಕೆಲವು ಸೆಕೆಂಡ್ ಗಡಗಡ ನಡುಗಿದರೆ, ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಲೈಟ್ ಹೊತ್ತುವಷ್ಟೇ ಪೆಡಲ್ ಮುಟ್ಟಿ. ಬಹುತೇಕ ಕಾರುಗಳಲ್ಲಿ ಆಗ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ, ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆರ್‌ಪಿಎಂ ಸ್ವಲ್ಪ ಏರಿ ನಡುಕ ನಿಂತರೆ ತೊಂದರೆ ಆ ಕ್ಲಚ್‌ನದು ಅಥವಾ ಹಳತಾದ ಆಯಿಲಿನದು. ನಿಲ್ಲದಿದ್ದರೆ ಎಂಜಿನ್ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಇರಬಹುದು. ಕಾಯಿಲ್, ಪ್ಲಗ್ ನೋಡಿಸಿ. ಈ ಎರಡನ್ನು ಬೇರೆ ಮಾಡದೆ ಗೇರ್‌ಬಾಕ್ಸ್ ಬಿಚ್ಚಿಸಿ ಲಕ್ಷಗಟ್ಟಲೆ ಕಳೆದುಕೊಳ್ಳುವುದು ಅನ್ಯಾಯ.

ಅರ್ಧ ಆಕ್ಸಿಲರೇಟರ್‌ನಲ್ಲಿ 2ರಿಂದ 3ಕ್ಕೆ, 3ರಿಂದ 4ಕ್ಕೆ ಹೋಗುವಾಗ ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಮುಳ್ಳನ್ನು ಗಮನಿಸಿ. ಅದು ಒಂದೇ ಬೀಳು ಬೀಳಬೇಕು. ಬೀಳುವ ಮೊದಲು 200–300 ಆರ್‌ಪಿಎಂ ಮೇಲಕ್ಕೆ ಜಿಗಿದರೆ ಒಳಗೆ ಕ್ಲಚ್ ಜಾರುತ್ತಿದೆ.

ಎರಡು ಕ್ಲಚ್‌ನ ಗಾಡಿಗೆ ಹೈವೇಗಿಂತ ಟ್ರಾಫಿಕ್ಕೇ ಸರಿಯಾದ ಪರೀಕ್ಷೆ. ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಟ್ಟರೆ ನಡಿಗೆಯ ವೇಗದಲ್ಲಿ ನಯವಾಗಿ ಮುಂದೆ ಸಾಗಬೇಕು. ಹತ್ತು ಹದಿನೈದು ಸಲ ನಿಲ್ಲಿಸಿ ಹೊರಡಿಸಿ. ಬೇಸ್‌ಮೆಂಟ್ ಪಾರ್ಕಿಂಗ್‌ನ ರ‍್ಯಾಂಪ್‌ನಲ್ಲಿ ಮುಂದಕ್ಕೂ ರಿವರ್ಸ್‌ನಲ್ಲೂ ಹತ್ತಿಸಿ. ಒಣ ಕ್ಲಚ್ ಸವೆದಿದ್ದರೆ ಇಲ್ಲಿ ಸ್ಟೀರಿಂಗ್‌ವರೆಗೂ ನಡುಕ ಬರುತ್ತದೆ. ಬಳಿಕ ಮ್ಯಾನುಯಲ್ ಮೋಡ್‌ನಲ್ಲಿ ಪ್ರತಿಯೊಂದು ಗೇರನ್ನೂ ಏರಿಸಿ, ಇಳಿಸಿ. ಒಂದು ಕ್ಲಚ್ ಬೆಸ ಗೇರುಗಳನ್ನು, ಇನ್ನೊಂದು ಸಮ ಗೇರುಗಳನ್ನು ಹೊತ್ತಿರುವುದರಿಂದ 2, 4, 6 ಒಟ್ಟಿಗೆ ಕೈಕೊಟ್ಟರೆ ದೋಷ ಯಾವ ಕಡೆಯದು ಎಂದು ಅಲ್ಲೇ ಗೊತ್ತಾಗುತ್ತದೆ.

ಇಷ್ಟಾಗುವ ಹೊತ್ತಿಗೆ 30–40 ನಿಮಿಷ ಕಳೆದಿರಬೇಕು. ಆಯಿಲ್ ಕಾದು ತೆಳುವಾದಾಗಲೇ ಸವೆದ ಪಂಪು, ಆಯಿಲ್ ಪ್ರೆಷರನ್ನು ಹಂಚುವ ವಾಲ್ವ್ ಬಾಡಿಗಳ ಬಣ್ಣ ಬಯಲಾಗುವುದು. ಈಗ ಮತ್ತೆ ರಿವರ್ಸ್, ಡ್ರೈವ್ ಹಾಕಿ ನೋಡಿ. ನಿಧಾನವಾಗಿ ನಿಲ್ಲಿಸುವಾಗ ಗೇರ್ 3ರಿಂದ 2ಕ್ಕೆ, 2ರಿಂದ 1ಕ್ಕೆ ಇಳಿದಾಗ ಹಿಂದಿನಿಂದ ಯಾರೋ ತಳ್ಳಿದಂತೆ ಆಗುತ್ತದೆಯೇ ಗಮನಿಸಿ. ಎಂಜಿನ್ ಮೌಂಟ್ ಹರಿದಿದ್ದರೂ, ಜೆಡ್4ನಂಥ ಹಿಂಚಕ್ರ ಚಾಲನೆಯ ಗಾಡಿಗಳಲ್ಲಿ ಪ್ರೊಪೆಲರ್ ಶಾಫ್ಟ್‌ನ ರಬ್ಬರ್ ಕಪ್ಲಿಂಗ್ ಬಿರುಕು ಬಿಟ್ಟಿದ್ದರೂ ಇಂಥದೇ ಗುದ್ದು ಬರುತ್ತದೆ. ಅದು ಗೇರ್‌ಬಾಕ್ಸಿಗಿಂತ ಎಷ್ಟೋ ಕಡಿಮೆ ಖರ್ಚಿನ ಕೆಲಸ. ಲಿಫ್ಟ್ ಮೇಲೆ ಏರಿಸಿ ನೋಡಿಸಿ.

ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಅಗ್ಗದ ಒಬಿಡಿ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ನಿನ ದೋಷದ ಕೋಡ್ ಮಾತ್ರ ತೋರಿಸುತ್ತವೆ; ಗೇರ್‌ಬಾಕ್ಸ್ ಮಾಡ್ಯೂಲನ್ನು (ಗೇರ್‌ಬಾಕ್ಸಿನ ಕಂಪ್ಯೂಟರನ್ನು) ಓದುವ ಉಪಕರಣವೇ ಬೇಕು. ಅದೇ ಅಗ್ಗದ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್‌ಗಳು (ಕಾರು ತಾನೇ ಮಾಡಿಕೊಳ್ಳುವ ತಪಾಸಣೆಗಳು) ಅಪೂರ್ಣ ಎಂದು ಬಂದರೆ ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಯಾಕೆಂದು ಕೇಳಿ.

ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೂಡ ಕೇಳಿ. ಟಿಟಿ, ವಿಆರ್‌ಎಸ್‌ನ ಆ 6 ಸ್ಪೀಡ್‌ಗೆ ಪ್ರತಿ 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಾಗಬೇಕು. 2019ರಿಂದೀಚಿನ ಜೆಡ್4ನ 8 ಸ್ಪೀಡ್ ತಯಾರಿಸುವ ಜೆಡ್‌ಎಫ್ ಕಂಪನಿ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ. ‘ಲೈಫ್‌ಟೈಮ್ ಆಯಿಲ್, ಮುಟ್ಟಬೇಕಿಲ್ಲ’ ಎಂಬ ಮಾತನ್ನು ಒಪ್ಪಬೇಡಿ.

2023ರ ಏಪ್ರಿಲ್ 1ರಿಂದ ಹಳೆಯ ವಾಹನ ಮಾರುವ ಡೀಲರ್‌ಗಳು ನೋಂದಣಿ ಪ್ರಾಧಿಕಾರದ ಅಧಿಕೃತ ಪ್ರಮಾಣಪತ್ರ ಪಡೆದು, ಟೆಸ್ಟ್ ಡ್ರೈವ್‌ನಂಥ ಓಡಾಟದ ಸಮಯ, ಕಿಲೋಮೀಟರ್‌ಗಳನ್ನು ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್‌ನಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಸಾರಿಗೆ ಇಲಾಖೆ ಈ ರಿಜಿಸ್ಟರ್‌ಗಳನ್ನು ತೆರೆದು ನೋಡಲಿ. ತಣ್ಣಗಿನ ಸ್ಟಾರ್ಟ್, ಕನಿಷ್ಠ ಅರ್ಧ ಗಂಟೆಯ ಓಡಾಟ, ಗೇರ್‌ಬಾಕ್ಸ್ ಮಾಡ್ಯೂಲ್ ಸ್ಕ್ಯಾನಿನ ಪ್ರಿಂಟ್, ಈ ಮೂರನ್ನೂ ಗ್ರಾಹಕ ಕೇಳಿದಾಗ ಡೀಲರ್ ಒದಗಿಸಬೇಕೆಂಬ ಷರತ್ತನ್ನು ಆ ಪ್ರಮಾಣಪತ್ರಕ್ಕೇ ಸೇರಿಸುವಂತೆ ಆಗ್ರಹಿಸುತ್ತೇವೆ.

– ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮೆಕ್ಯಾನಿಕ್‌ಗಳು, ಜೆ.ಸಿ. ರಸ್ತೆ, ಬೆಂಗಳೂರು