ರಾತ್ರಿ ಒಂಬತ್ತಕ್ಕೆ ಕೈಕೊಡುವ ನಿಮ್ಮ 5ಜಿ ಬಗ್ಗೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ

ವಿಷಯ: ಮನೆಯ 5ಜಿ ವೈರ್‌ಲೆಸ್ ಇಂಟರ್ನೆಟ್ ರಾತ್ರಿ ಹೊತ್ತು ನಡೆಯದಿರುವುದು ಮತ್ತು ನನ್ನ ಮೂರು ದೂರುಗಳನ್ನೂ ‘ಪರಿಹರಿಸಲಾಗಿದೆ’ ಎಂದು ಮುಚ್ಚಿರುವುದು

ಮಾನ್ಯರೇ,

ನಿಮ್ಮ 5ಜಿ ಬಾಕ್ಸ್ ನಮ್ಮ ಮನೆಗೆ ಬಂದು ಏಳು ತಿಂಗಳಾಯಿತು. ಮೊದಲ ನಾಲ್ಕು ತಿಂಗಳು ಏನೂ ತಕರಾರಿಲ್ಲ. ಕೇಬಲ್ ಎಳೆಯೋದು ಬೇಡ, ಗೋಡೆ ಕೊರೆಯೋದು ಬೇಡ, ಪ್ಲಗ್ ಹಾಕಿದರೆ ಸಾಕು ಅಂದಿದ್ದಿರಿ. ಹಾಗೇ ಆಯಿತು. ಖುಷಿಯಾಗಿ ನಾನೇ ನಾಲ್ಕು ಜನಕ್ಕೆ ಹೇಳಿ ಕನೆಕ್ಷನ್ ಕೊಡಿಸಿದೆ. ಅದರಲ್ಲಿ ಇಬ್ಬರು ಪಕ್ಕದ ಬಿಲ್ಡಿಂಗ್‌ನವರು. ಈಗ ನಡೆಯುತ್ತಿರುವುದನ್ನು ನೋಡಿದರೆ, ಈ ಟವರ್ ತುಂಬಿಸುವುದರಲ್ಲಿ ನನ್ನದೂ ಒಂದು ಕೈ ಇದೆ ಅನ್ನಿಸುತ್ತದೆ.

ಐದನೇ ತಿಂಗಳಿಂದ ರಾತ್ರಿ ಎಂಟೂವರೆ ಆಯಿತು ಅಂದರೆ ಇಂಟರ್ನೆಟ್ ಕುಂಟುತ್ತದೆ. ಹನ್ನೊಂದರ ಮೇಲೆ ತಾನೇ ಸರಿಹೋಗುತ್ತದೆ. ನನ್ನ ಕೆಲಸದ ಮೀಟಿಂಗ್ ಇರುವುದು ರಾತ್ರಿ ಒಂಬತ್ತಕ್ಕೆ. ಬಾಯಿ ತೆರೆದು ನಿಂತುಹೋದ ನನ್ನ ಮುಖವನ್ನು ಆಫೀಸಿನವರೆಲ್ಲ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ.

ಕಸ್ಟಮರ್ ಕೇರ್‌ಗೆ ಮೊದಲ ಸಲ ಫೋನ್ ಮಾಡಿದಾಗ ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ. ಎರಡನೇ ಸಲ, ನಿಮ್ಮ ವೈಫೈ ತೊಂದರೆ ಇರಬೇಕು ಅಂದರು. ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್ ಸಿಕ್ಕಿಸಿ ನೋಡಿದೆ, ಅದೇ ಕಥೆ. ಮೂರನೇ ಸಲ ನಿಮ್ಮ ಮನೆಯ ಗೋಡೆ ದಪ್ಪ, ಸಿಗ್ನಲ್ ಒಳಗೆ ಬರುತ್ತಿಲ್ಲ ಅಂದರು. ಅಲ್ಲಾ ಸ್ವಾಮಿ, ಬೆಳಗ್ಗೆ ತೆಳ್ಳಗಿದ್ದು ರಾತ್ರಿ ದಪ್ಪ ಆಗುವ ಗೋಡೆಯನ್ನು ನಾನಂತೂ ಕಂಡಿಲ್ಲ.

ಆಮೇಲೆ ನಾನೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹದಿನಾಲ್ಕು ದಿನ, ಬೆಳಗ್ಗೆ ಆರಕ್ಕೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ, ಕೇಬಲ್ ಹಾಕಿಯೇ ಸ್ಪೀಡ್ ಟೆಸ್ಟ್ ಮಾಡಿದೆ. ಬೆಳಗ್ಗೆ 240ರಿಂದ 280 ಎಂಬಿಪಿಎಸ್. ರಾತ್ರಿ 4, 6, ಜಾಸ್ತಿ ಅಂದರೆ 9. ಒಂದು ಶನಿವಾರ 2.3. ಬಾಕ್ಸ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಸಿಗ್ನಲ್ ಬಲವೂ ಕಾಣಿಸುತ್ತದಲ್ಲ, ಅದನ್ನೂ ಬರೆದಿಟ್ಟೆ. ಹೆಚ್ಚಿನ ದಿನ ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಸಿಗ್ನಲ್ ಬಲದ ಅಳತೆ, ಎರಡೂ ಹೊತ್ತು ಮೈನಸ್ 82 ಡಿಬಿಎಂ ಆಸುಪಾಸು. ಮೈನಸ್ 110 ದಾಟಿದರೆ ಸಿಗ್ನಲ್ ವೀಕ್ ಅನ್ನುತ್ತಾರೆ. ಮೈನಸ್ 82 ಒಳ್ಳೆಯ ಸಿಗ್ನಲ್ ಅಂತ ನಿಮ್ಮ ಎಂಜಿನಿಯರೇ ಒಪ್ಪಿದರು. ಅಂದರೆ ಟವರಿನ ದನಿ ನನ್ನ ಬಾಕ್ಸಿಗೆ ಚೆನ್ನಾಗಿ ಕೇಳಿಸುತ್ತಿದೆ. ರಾತ್ರಿ ಹೊತ್ತು ನನ್ನ ಪಾಲಿನ ಸರದಿಯೇ ಬರುತ್ತಿಲ್ಲ, ಅಷ್ಟೇ.

ಇನ್ನೊಂದು ವಿಷಯ ಅದೇ ಪುಟದಲ್ಲಿ ಕಂಡಿತು. ಬೆಳಗ್ಗೆ ಬಾಕ್ಸ್ ಇರುವುದು 78ನೇ ಬ್ಯಾಂಡಿನಲ್ಲಿ, ಅಂದರೆ 3.5 ಗಿಗಾಹರ್ಟ್ಸ್ ಸುತ್ತಮುತ್ತ. ಹದಿನಾಲ್ಕರಲ್ಲಿ ನಾಲ್ಕು ರಾತ್ರಿ ಅದು 28ಕ್ಕೆ, ಅಂದರೆ 700 ಮೆಗಾಹರ್ಟ್ಸ್‌ಗೆ ಇಳಿದಿತ್ತು. 700ರ ಅಲೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ನಿಜ. ಆದರೆ ಅಲ್ಲಿ ಜಾಗ ಕಡಿಮೆ. 78ರಲ್ಲಿ ಒಂದೊಂದು ಚಾನೆಲ್ 100 ಮೆಗಾಹರ್ಟ್ಸ್ ಅಗಲ ಇರಬಹುದು, 28ರಲ್ಲಿ ಸಾಮಾನ್ಯವಾಗಿ ಹತ್ತೋ ಇಪ್ಪತ್ತೋ. ಎರಡಕ್ಕೂ ನೀವು ಇಟ್ಟಿರುವ ಹೆಸರು 5ಜಿಯೇ. ಬಾಕ್ಸ್ ಮೇಲಿನ ದೀಪ ಮಾತ್ರ ಹಚ್ಚಹಸಿರಾಗಿ ಉರಿಯುತ್ತಲೇ ಇರುತ್ತದೆ. 2.3 ಬಂದ ಶನಿವಾರ ಕೂಡ ಹಸಿರೇ.

ದೀಪದ ಮಾತು ಬಂತಲ್ಲ, ಫೋನಿನ ಚಿಹ್ನೆಯ ಬಗ್ಗೆಯೂ ಹೇಳಿಬಿಡುತ್ತೇನೆ. ‘ನಿಮ್ಮ ಫೋನಿನಲ್ಲೂ 5ಜಿ ತೋರಿಸುತ್ತಿದೆ ಅಲ್ವಾ, ಹಾಗಾದರೆ ನೆಟ್‌ವರ್ಕ್ ಸರಿಯಾಗಿದೆ’ ಅಂತ ನಿಮ್ಮವರು ಹೇಳಿದರು. ಆ ಚಿಹ್ನೆಗೆ ಅಷ್ಟು ಬೆಲೆ ಇಲ್ಲ. ಮೊಬೈಲ್ ತಂತ್ರಜ್ಞಾನದ ನಿಯಮ ರೂಪಿಸುವ 3ಜಿಪಿಪಿ ಸಂಸ್ಥೆ 2017ರ ಡಿಸೆಂಬರಿನಲ್ಲಿ ಮೊದಲು ಮುಗಿಸಿಕೊಟ್ಟದ್ದು ನಾನ್-ಸ್ಟ್ಯಾಂಡ್‌ಅಲೋನ್ 5ಜಿ, ಅಂದರೆ 4ಜಿಯ ಹೆಗಲ ಮೇಲೆ ಕೂತ 5ಜಿ. ತನ್ನ ಕಾಲ ಮೇಲೆ ನಿಲ್ಲುವ 5ಜಿಯ ನಿಯಮಗಳು ಬಂದದ್ದು 2018ರ ಜೂನಿನಲ್ಲಿ. ಮೊದಲ ಬಗೆಯಲ್ಲಿ 4ಜಿ ಟವರೇ ‘ಇಲ್ಲಿ 5ಜಿ ಸಿಗಬಹುದು’ ಅಂತ ಒಂದು ಸಣ್ಣ ಸೂಚನೆ ಬಿತ್ತುತ್ತದೆ. ಅದು ಕಂಡರೆ ಸಾಕು, ಎಷ್ಟೋ ಫೋನುಗಳು 5ಜಿ ಅಂತ ಬರೆದುಕೊಳ್ಳುತ್ತವೆ. ಆ ಗಳಿಗೆಯಲ್ಲಿ ಒಂದು ಬೈಟ್ ಕೂಡ 5ಜಿಯಲ್ಲಿ ಬರದೇ ಇರಬಹುದು. ಅಮೆರಿಕದ ಒಂದು ದೊಡ್ಡ ಕಂಪನಿಯಂತೂ 2019ರಲ್ಲಿ ಸುಧಾರಿಸಿದ 4ಜಿಗೇ ‘5ಜಿ ಇ’ ಅಂತ ಹೆಸರಿಟ್ಟಿತ್ತು. ಆ ಹೆಸರು ಜಾಹೀರಾತಿನಲ್ಲಿ ಬೇಡ ಅಂತ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ 2020ರಲ್ಲಿ ಹೇಳಬೇಕಾಯಿತು. ಹಾಗಾಗಿ ದಯವಿಟ್ಟು ಚಿಹ್ನೆ ತೋರಿಸಿ ನನ್ನ ದೂರು ಮುಚ್ಚಬೇಡಿ.

ಈಗ ಎಂಜಿನಿಯರ್ ಬಂದ ಕಥೆ. ಪಾಪ, ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮೂರು ಸಲವೂ ಬೆಳಗ್ಗೆ ಹನ್ನೊಂದಕ್ಕೆ ಬಂದರು. ಟೆಸ್ಟ್ ಮಾಡಿದರು, 260 ಬಂತು. ಸ್ಕ್ರೀನಿನ ಫೋಟೊ ತೆಗೆದುಕೊಂಡರು. ಅವರು ಗೇಟು ದಾಟುವಷ್ಟರಲ್ಲಿ ನನಗೆ ಮೆಸೇಜ್: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ, ಐದು ನಕ್ಷತ್ರ ಕೊಡಿ.’ ಮೂರನೇ ಸಲ ರಾತ್ರಿ ಬರೋಕಾಗಲ್ವಾ ಅಂತ ಕೇಳಿದೆ. ‘ಸಂಜೆ ಆರಕ್ಕೆ ನಮ್ಮ ಡ್ಯೂಟಿ ಮುಗಿಯುತ್ತೆ ಸರ್’ ಅಂದರು. ಡ್ಯೂಟಿ ಮುಗಿದ ಮೇಲೆ ಶುರುವಾಗುವ ತೊಂದರೆ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ ಅಂತಾಯಿತು.

ಕಾರಣ ಏನು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಫೈಬರ್ ಆದರೆ ತುಂಬಿದ ಕಡೆ ಇನ್ನೊಂದು ಎಳೆ ಹಾಕಬಹುದು. ಗಾಳಿಯಲ್ಲಿ ಹಾಗಲ್ಲ. ನಿಮ್ಮ ಕೈಯಲ್ಲಿರುವ ಸ್ಪೆಕ್ಟ್ರಮ್, ಅಂದರೆ ರೇಡಿಯೊ ಅಲೆಗಳ ಪಾಲು, ಇಷ್ಟೇ ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಒಂದು ಸೆಕ್ಟರಿನಲ್ಲಿ, ಅಂದರೆ ಟವರಿನ ಒಂದು ದಿಕ್ಕಿನ ವ್ಯಾಪ್ತಿಯಲ್ಲಿ, ಇರುವವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಮೊಬೈಲ್ ಗಿರಾಕಿ ಓಡಾಡುತ್ತಾ ಒಂದಿಷ್ಟು ಬಳಸುತ್ತಾನೆ. ಮನೆಯ ಬಾಕ್ಸ್ ರಾತ್ರಿಯಿಡೀ ಟಿವಿಗೆ ಸಿನಿಮಾ ಉಣಿಸುತ್ತಾ ಕೂರುತ್ತದೆ. ಅದಕ್ಕೇ ಕೆಲವು ದೇಶಗಳ ಕಂಪನಿಗಳು ಸಾಮರ್ಥ್ಯ ಮಿಕ್ಕಿರುವ ಸೆಕ್ಟರಿನಲ್ಲಿ ಮಾತ್ರ ಇಂಥ ಕನೆಕ್ಷನ್ ಕೊಡುತ್ತವೆ, ತುಂಬಿತು ಅಂದರೆ ಕಾಯುವ ಪಟ್ಟಿಗೆ ಹಾಕುತ್ತವೆ. ನೀವು ಕಾಯಿಸಿದ್ದನ್ನು ನಾನು ಕಾಣೆ. ಕಳೆದ ವಾರವೂ ನಮ್ಮ ಬಿಲ್ಡಿಂಗಿನ ಲಿಫ್ಟ್ ಪಕ್ಕ ನಿಮ್ಮ ಹೊಸ ಪೋಸ್ಟರ್ ಅಂಟಿಸಿ ಹೋಗಿದ್ದಾರೆ.

ಆ ಪೋಸ್ಟರಿನಲ್ಲಿ 300 ಎಂಬಿಪಿಎಸ್ ಅನ್ನುವುದು ನನ್ನ ಅಂಗೈಯಷ್ಟು ದೊಡ್ಡದಾಗಿದೆ. ಅದರ ಬಾಲಕ್ಕೆ ‘ವರೆಗೆ’ ಅಂತ ಇರುವೆ ಗಾತ್ರದ ಅಕ್ಷರ. ಈ ‘ವರೆಗೆ’ ಒಳಗೆ ಸೊನ್ನೆಯಿಂದ ಹಿಡಿದು ಎಲ್ಲವೂ ಹಿಡಿಸುತ್ತದೆ. ಬ್ರಿಟನ್ನಿನಲ್ಲೂ ಹಿಂದೆ ನೂರಕ್ಕೆ ಹತ್ತು ಜನಕ್ಕೆ ಸಿಕ್ಕರೆ ಸಾಕು, ಆ ವೇಗವನ್ನು ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ಹಾಕಬಹುದಿತ್ತು. 2018ರ ಮೇ ತಿಂಗಳಿಂದ ಅದು ಬದಲಾಯಿತು. ರಾತ್ರಿ ಎಂಟರಿಂದ ಹತ್ತರ ನಡುವೆ ಕನಿಷ್ಠ ಅರ್ಧದಷ್ಟು ಗಿರಾಕಿಗಳಿಗೆ ಸಿಗುವ ವೇಗವನ್ನೇ ಹೇಳಬೇಕು. ಆ ಎರಡು ಗಂಟೆಯನ್ನು ಆರಿಸಿಕೊಂಡವರಿಗೆ ನನ್ನ ನಮಸ್ಕಾರ. ಯುರೋಪಿನ 2015ರ ನಿಯಮದ ಪ್ರಕಾರ ಸ್ಥಿರ ಇಂಟರ್ನೆಟ್‌ಗೆ ಕನಿಷ್ಠ ಎಷ್ಟು, ಸಾಮಾನ್ಯವಾಗಿ ಎಷ್ಟು, ಗರಿಷ್ಠ ಎಷ್ಟು ಅಂತ ಒಪ್ಪಂದದಲ್ಲೇ ಬರೆಯಬೇಕು. ಇವೆಲ್ಲ ನಿಮಗೂ ಅನ್ವಯಿಸುತ್ತವೆ ಅಂತ ನಾನು ವಾದ ಮಾಡುತ್ತಿಲ್ಲ. ‘ವೈರ್‌ಲೆಸ್‌ನಲ್ಲಿ ವೇಗ ಬರೆದುಕೊಡೋಕೆ ಆಗಲ್ಲ ಸರ್’ ಅಂದರಲ್ಲ ನಿಮ್ಮವರು, ಅದಕ್ಕೆ ಹೇಳಿದೆ. ಅಮೆರಿಕದಲ್ಲಿ 2024ರಿಂದ ಮೊಬೈಲ್ ಕಂಪನಿಗಳೂ ತಮ್ಮ ಪ್ಲಾನಿನ ಮಾಮೂಲಿ ವೇಗ ಎಷ್ಟು ಅಂತ ಲೇಬಲ್ ಹಾಕಿ ತೋರಿಸಬೇಕು. ತೋರಿಸುತ್ತಿವೆ.

ನಿಜವಾಗಿ ಈ ಪತ್ರ ಬರೆಯುವಂತೆ ಮಾಡಿದ್ದು ಮೊನ್ನೆ ಬಂದ ಮೆಸೇಜ್. ದೂರು ಮೂರನೇ ಸಲ ಮುಚ್ಚಿದ ಎರಡನೇ ದಿನ, ಸರಿಯಾಗಿ ರಾತ್ರಿ 9:10ಕ್ಕೆ: ‘ದಟ್ಟಣೆಯಿಂದ ಬೇಸತ್ತಿದ್ದೀರಾ? ಪ್ರಯಾರಿಟಿ ಪ್ಯಾಕ್ ಹಾಕಿಸಿಕೊಳ್ಳಿ.’ ದಟ್ಟಣೆ ಇಲ್ಲ, ಗೋಡೆ ದಪ್ಪ ಅಂದವರು ನೀವೇ ಅಲ್ವಾ? ಪ್ರಯಾರಿಟಿ ಅಂದರೆ ಹೊಸ ಜಾಗ ಹುಟ್ಟುವುದಿಲ್ಲ. ನಾನು ಮುಂದೆ ಹೋದರೆ ಪಕ್ಕದ ಬಿಲ್ಡಿಂಗಿನ ಆ ಇಬ್ಬರು ಹಿಂದೆ ಬೀಳುತ್ತಾರೆ. ನಾಳೆ ಅವರೂ ಅದೇ ಪ್ಯಾಕ್ ಹಾಕಿಸಿದರೆ ಮತ್ತೆ ಎಲ್ಲರೂ ಇದ್ದಲ್ಲೇ, ನಿಮ್ಮ ಬಿಲ್ ಮಾತ್ರ ಮೇಲೆ. ಈ ಪ್ಯಾಕ್ ನನಗೆ ಬೇಡ.

ನನಗೆ ಬೇಕಾಗಿರುವುದು ಇಷ್ಟು. ನಮ್ಮ ಸೆಕ್ಟರಿನಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಎಷ್ಟು ವೇಗ ಕೊಡಬಲ್ಲಿರಿ ಅಂತ ಒಂದು ಅಂಕಿ ಬರೆದುಕೊಡಿ. ‘ವರೆಗೆ’ ಇಲ್ಲದ ಅಂಕಿ. 30 ಅಂತ ಕೊಟ್ಟರೂ ಜಗಳವಿಲ್ಲ, ಅಷ್ಟರಲ್ಲಿ ನನ್ನ ಮೀಟಿಂಗ್ ನಡೆಯುತ್ತದೆ. ಅದು ಸಿಗುವವರೆಗೆ ಈ ಸೆಕ್ಟರಿಗೆ ಹೊಸ ಮನೆ ಸೇರಿಸಬೇಡಿ. ಕೊಡೋಕಾಗಲ್ಲ ಅಂದರೆ ಅದನ್ನೂ ನೇರವಾಗಿ ಹೇಳಿ. ಅವಧಿಗೆ ಮುಂಚೆ ಬಿಟ್ಟಿದ್ದಕ್ಕೆ ದಂಡ ಅಂತ ಏನೂ ಹಾಕದೆ ಬಾಕ್ಸ್ ವಾಪಸ್ ತೆಗೆದುಕೊಳ್ಳಿ. ಈ ಮೂರು ತಿಂಗಳ ಬಾಡಿಗೆಯನ್ನು ಬಿಲ್‌ನಲ್ಲಿ ಕಳೆಯಿರಿ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಇದೇ ಪತ್ರ ದೂರಸಂಪರ್ಕ ನಿಯಂತ್ರಕರ ಮೇಜಿಗೆ ಹೋಗುತ್ತದೆ. ನೋಟ್‌ಬುಕ್‌ನ ಹದಿನಾಲ್ಕು ದಿನದ ಪುಟಗಳ ಪ್ರತಿ ಜೊತೆಗಿದೆ.

ಮತ್ತೆ ಎಂಜಿನಿಯರ್ ಕಳಿಸುವುದಾದರೆ ದಯವಿಟ್ಟು ರಾತ್ರಿ ಒಂಬತ್ತಕ್ಕೆ ಕಳಿಸಿ. ಓವರ್‌ಟೈಮ್ ಕೊಟ್ಟು ಕಳಿಸಿ.

ಇಂತಿ,
ನಿಮ್ಮ ಏಳು ತಿಂಗಳ ಗ್ರಾಹಕ