ಯಾವ ಬಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟಿತೆಂದರೆ ನೀರು ಉಳಿಸುವ ಸಲಹೆಗಳು ಪತ್ರಿಕೆಗಳ ತುಂಬ ಕಾಣಿಸಿಕೊಳ್ಳುತ್ತವೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಬೇಕು ಎಂಬುದನ್ನು ನಾವೆಲ್ಲ ಓದಿದ್ದೇವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದೂ ನೆನಪಿನಲ್ಲಿದೆ. ಆದರೆ ವಾಹನವಿಲ್ಲದ ಮನೆಯಲ್ಲೂ ತಪ್ಪದೆ ನಡೆಯುವ ಬಟ್ಟೆ ಒಗೆತದ ಬಗ್ಗೆ, ಅದರಲ್ಲೂ ಯಾವುದನ್ನು ಎಷ್ಟು ದಿನಕ್ಕೊಮ್ಮೆ ಒಗೆದರೆ ಸಾಕು ಎಂಬುದರ ಬಗ್ಗೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅದು ಮನೆಯೊಳಗಿನ ಹೆಂಗಸರ ವಿಷಯ, ಪತ್ರಿಕೆಗೆ ತಕ್ಕದ್ದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು.

ನಮ್ಮ ದೇಶದಲ್ಲಿ ನಗರದ ನೀರಿನ ಯೋಜನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕವನ್ನು ಹಿಡಿಯಲಾಗುತ್ತದೆ. ಅದರ ಒಳವಿವರದಲ್ಲಿ ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆಗೆ 20 ಲೀಟರ್ ಇದ್ದರೆ, ಕುಡಿಯುವುದಕ್ಕೂ ಅಡುಗೆಗೂ ಸೇರಿ ಇರುವುದು 10 ಲೀಟರ್ ಮಾತ್ರ. ಅಂದರೆ ನಾಲ್ವರಿರುವ ಮನೆಗೆ ಬಟ್ಟೆಯ ಪಾಲಿಗೆ ದಿನಕ್ಕೆ 80 ಲೀಟರ್ ಸಿಗುತ್ತದೆ. ಮೇಲಿನಿಂದ ಬಟ್ಟೆ ತುಂಬುವ ವಾಷಿಂಗ್ ಮಷೀನು ಒಂದು ಸಲ ಪೂರ್ತಿ ತಿರುಗಿ ನಿಲ್ಲುವಷ್ಟರಲ್ಲಿ ನೂರು ಲೀಟರ್ ದಾಟುವುದು ಸಾಮಾನ್ಯ. ಮುಂಬಾಗಿಲಿನ ಮಷೀನಿಗೆ ಸುಮಾರು ಅದರರ್ಧ ಸಾಕಾಗುತ್ತದೆ. ದಿನವೂ ಮೇಲಿನಿಂದ ತುಂಬುವ ಮಷೀನು ಹಾಕುವ ಮನೆ ಈ ಲೆಕ್ಕವನ್ನು ಮೀರುವುದಕ್ಕೆ ಬೇರೆ ಯಾವ ದುಂದುಗಾರಿಕೆಯೂ ಬೇಕಿಲ್ಲ.

ಮಷೀನು ಬರುವ ಮೊದಲು ಒಗೆಯುವ ಕಲ್ಲಿನ ಮುಂದೆ ನಿಂತವರೇ ಯಾವುದು ಕೊಳೆ, ಯಾವುದು ಇನ್ನೊಂದು ದಿನ ತಡೆದೀತು ಎಂಬುದನ್ನು ನಿರ್ಧರಿಸುತ್ತಿದ್ದರು. ಸೊಂಟ ಬಗ್ಗಿಸಿ ತಿಕ್ಕುವವರು ಸುಮ್ಮನೆ ಒಂದು ಅಂಗಿಯನ್ನೂ ನೀರಿಗೆ ಹಾಕುತ್ತಿರಲಿಲ್ಲ. ಈಗ ಆ ನಿರ್ಧಾರ ತೊಟ್ಟು ಬಿಚ್ಚುವವರ ಕೈಗೆ ಹೋಗಿದೆ. ಸಂಜೆ ಎರಡು ಗಂಟೆ ಮೈಮೇಲಿದ್ದ ಅಂಗಿ, ಮದುವೆಮನೆಯ ಊಟಕ್ಕೆ ಉಟ್ಟು ಬಂದ ಸೀರೆ, ಒಮ್ಮೆ ಮೈ ಒರೆಸಿದ ಟವೆಲು, ಎಲ್ಲವೂ ಬುಟ್ಟಿಗೆ ಬೀಳುತ್ತವೆ. ಬುಟ್ಟಿಗೆ ಹಾಕುವವರು ಒಬ್ಬರಾದರೆ, ಅದನ್ನು ಬೇರ್ಪಡಿಸಿ, ಮಷೀನಿಗೆ ಹಾಕಿ, ಒಣಗಿಸಿ, ಮಡಚಿಡುವವರು ಇನ್ನೊಬ್ಬರು. ಬಹುಪಾಲು ಮನೆಗಳಲ್ಲಿ ಆ ಇನ್ನೊಬ್ಬರು ಅಮ್ಮನೋ ಅತ್ತೆಯೋ ಸೊಸೆಯೋ ಮನೆಗೆಲಸಕ್ಕೆ ಬರುವ ಹೆಣ್ಣುಮಗಳೋ ಆಗಿರುತ್ತಾರೆ. ಮಷೀನು ಬಂದು ಕೆಲಸ ಕಡಿಮೆಯಾಯಿತೆಂದು ಹೇಳುವವರು ಸಾಮಾನ್ಯವಾಗಿ ಬಟ್ಟೆ ಮಡಚಿದವರಲ್ಲ.

ವಿಚಿತ್ರವೆಂದರೆ ಇಷ್ಟೆಲ್ಲ ಒಗೆದರೂ ಒಗೆಯಲೇಬೇಕಾದವು ಹಿಂದುಳಿಯುತ್ತವೆ. ಪ್ರತಿದಿನ ಅಂಗಿ ಬದಲಿಸುವ ಮನೆಯಲ್ಲೇ ಪಾತ್ರೆ ಒರೆಸುವ, ಕಟ್ಟೆ ಒರೆಸುವ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಳು ವಾರಗಟ್ಟಲೆ ಜಿಡ್ಡು ಹಿಡಿದು ಒದ್ದೆಯಾಗಿ ಬಿದ್ದಿರುವುದನ್ನು ಕಾಣಬಹುದು. ನನ್ನ ಅಭಿಪ್ರಾಯದಲ್ಲಿ ಇಡೀ ಮನೆಯಲ್ಲಿ ದಿನವೂ ಒಗೆಯಬೇಕಾದ ಮೊದಲ ಬಟ್ಟೆ ಅಡುಗೆಮನೆಯದು, ಏಕೆಂದರೆ ತೇವ, ಅನ್ನದಗುಳು, ಜಿಡ್ಡು ಮೂರೂ ಒಂದೆಡೆ ಸೇರಿದರೆ ಸೂಕ್ಷ್ಮಾಣುಗಳಿಗೆ ಬೇರೇನೂ ಬೇಕಾಗುವುದಿಲ್ಲ, ಮತ್ತು ಆ ಬಟ್ಟೆ ತಾಗುವುದು ನಾವು ಉಣ್ಣುವ ತಟ್ಟೆಗೆ. ರಾತ್ರಿ ಅದನ್ನು ಸೋಪಿನ ಬಿಸಿನೀರಿನಲ್ಲಿ ಜಾಲಿಸಿ, ಹಿಂಡಿ, ಹರಡಿ ಹಾಕುವುದಕ್ಕೆ ಒಂದು ಚೊಂಬಿನಷ್ಟು ನೀರು ಸಾಕು.

ಒಳಉಡುಪು, ಕಾಲುಚೀಲ, ಬನಿಯನ್ನುಗಳನ್ನು ಒಮ್ಮೆ ತೊಟ್ಟ ಮೇಲೆ ಒಗೆಯಲೇಬೇಕೆಂಬುದರಲ್ಲಿ ಚರ್ಚೆಯಿಲ್ಲ. ಮುಟ್ಟಿನ ಬಟ್ಟೆ ಬಳಸುವವರು ಅದನ್ನು ಮೊದಲು ತಣ್ಣೀರಿನಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದು ನೇರ ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಯಿಂದ ಬೇರೆ ಬಟ್ಟೆಯ ಅಡಿಯಲ್ಲೋ ಬಚ್ಚಲಿನ ಕತ್ತಲೆಯಲ್ಲೋ ಹರಡುವ ಪದ್ಧತಿ ಇನ್ನೂ ಹೋಗಿಲ್ಲವಾದ್ದರಿಂದ ಈ ಮಾತನ್ನು ಪತ್ರಿಕೆಯಲ್ಲೇ ಬರೆಯಬೇಕೆನಿಸಿತು. ತಲೆದಿಂಬಿನ ಗವಸು ವಾರಕ್ಕೊಮ್ಮೆ, ಹಾಸಿಗೆಯ ಬೆಡ್‌ಶೀಟು ವಾರ ಅಥವಾ ಹತ್ತು ದಿನಕ್ಕೊಮ್ಮೆ ಬದಲಾಗಬೇಕು. ಎಣ್ಣೆ ಹಚ್ಚಿದ ತಲೆ, ಬೆವರು, ಮೈಯಿಂದ ಉದುರುವ ಚರ್ಮದ ಹೊಟ್ಟು ಎಲ್ಲವೂ ಅಲ್ಲಿ ಸೇರುತ್ತವೆ, ಆ ಹೊಟ್ಟನ್ನೇ ತಿಂದು ಬದುಕುವ ಧೂಳುಹುಳಗಳು ಉಬ್ಬಸವಿರುವವರಿಗೆ ತೊಂದರೆ ಕೊಡುತ್ತವೆ. ತಣ್ಣೀರಿನ ಒಗೆತಕ್ಕೆ ಅವು ಸಾಯುವುದಿಲ್ಲ. 60 ಡಿಗ್ರಿಯಷ್ಟು ಬಿಸಿ ಬೇಕು. ಹಾಗಾಗಿ ಬಿಸಿನೀರಿನ ಖರ್ಚನ್ನು ಅಂಗಿಗಳಿಗೆ ಮಾಡುವ ಬದಲು ಹಾಸಿಗೆಯ ಬಟ್ಟೆಗಳಿಗೆ ಮೀಸಲಿಡುವುದು ಲೇಸು. ಮೈ ಒರೆಸುವ ಟವೆಲು ಪ್ರತಿ ಸಲವೂ ಪೂರ್ತಿ ಒಣಗುವುದಾದರೆ ಮೂರು ನಾಲ್ಕು ಸ್ನಾನಗಳಿಗೆ ಬರುತ್ತದೆ. ಬಾಗಿಲ ಹಿಂದಿನ ಮೊಳೆಗೆ ಮುದ್ದೆಯಾಗಿ ನೇತುಬಿದ್ದ ಟವೆಲು ಎರಡನೆಯ ದಿನಕ್ಕೇ ನಾರುತ್ತದೆ.

ಇನ್ನು ಒಗೆತಕ್ಕೆ ಅವಸರವಿಲ್ಲದವುಗಳ ಮಾತು. ಜೀನ್ಸು ಐದಾರು ಸಲ ತೊಟ್ಟರೂ ಕೆಡುವುದಿಲ್ಲ. ಬೆವರಿಗೆ ತನ್ನಷ್ಟಕ್ಕೆ ಅಷ್ಟು ವಾಸನೆಯಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ, ಮತ್ತು ಹತ್ತಿಗಿಂತ ಪಾಲಿಯೆಸ್ಟರ್ ಬಟ್ಟೆ ಆ ವಾಸನೆಯನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ವ್ಯಾಯಾಮಕ್ಕೆ ತೊಡುವ ಟೀ ಶರ್ಟನ್ನು ಅಂದೇ ಒಗೆಯಬೇಕು. ತಂಪು ಹೊತ್ತಿನಲ್ಲಿ ಅಂಗಡಿಗೆ ಹೋಗಿಬರಲು ತೊಟ್ಟ ಹತ್ತಿ ಅಂಗಿಯನ್ನು ಗಾಳಿಗೆ ನೇತುಹಾಕಿ ಮರುದಿನ ತೊಡಬಹುದು. ಮೈಸೂರು ರೇಷ್ಮೆಯಂಥ ಸೀರೆಯನ್ನು ಉಟ್ಟಾಗಲೆಲ್ಲ ತೊಳೆಯುವುದೆಂದರೆ ಅದರ ಆಯುಸ್ಸನ್ನು ಕೈಯಾರೆ ಕಡಿಮೆ ಮಾಡಿದಂತೆ. ನೆರಳಿನಲ್ಲಿ ಗಾಳಿಯಾಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಜರಿ ಒಂದೇ ಗೆರೆಯಲ್ಲಿ ಮುರಿಯದಂತೆ ಆಗಾಗ ಮಡಿಕೆ ಬದಲಿಸುವ ನಮ್ಮ ಹಿರಿಯರ ಕ್ರಮದಲ್ಲಿ ಯಾವ ಕೊರತೆಯೂ ಇಲ್ಲ. ಒಂದು ಕಲೆಗಾಗಿ ಇಡೀ ಬಟ್ಟೆ ಒಗೆಯಬೇಕಾದ್ದೂ ಇಲ್ಲ. ಬಿಳಿ ಪಂಚೆಗೆ ಬಿದ್ದ ಸಾರಿನ ಅರಿಶಿನ ಸೋಪು ತಾಗಿದೊಡನೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ, ಆದರೆ ಆ ಬಣ್ಣ ಬೆಳಕಿಗೆ ನಿಲ್ಲುವಂಥದ್ದಲ್ಲ. ಕಲೆಯಾದಷ್ಟು ಭಾಗವನ್ನು ಸೋಪಿನಲ್ಲಿ ತಿಕ್ಕಿ ತೊಳೆದು ಒಳ್ಳೆಯ ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ. ಕೌದಿ, ಕಂಬಳಿ, ಜಮಖಾನಗಳಿಗೆ ಬಿಸಿಲು ಕಾಣಿಸುವುದೇ ಮುಖ್ಯ. ಪರದೆಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ನೀರು ತೋರಿಸಿದರೆ ಸಾಕು, ರಸ್ತೆ ಬದಿಯ ಮನೆಯಾದರೆ ಇನ್ನಷ್ಟು ಬೇಗ.

ಈ ಯಾವ ಲೆಕ್ಕಕ್ಕೂ ಸಿಗದ ಸಂದರ್ಭಗಳಿವೆ. ಹೊಲಕ್ಕೆ ಔಷಧಿ ಹೊಡೆದು ಬಂದ ಬಟ್ಟೆಯನ್ನು ಆ ದಿನವೇ, ಬೇರೆಯಾಗಿಯೇ ಒಗೆಯಬೇಕು. ಮಕ್ಕಳ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುವುದು ಅಪಾಯ. ಆಸ್ಪತ್ರೆಯಲ್ಲಿ, ಪೌರಕಾರ್ಮಿಕ ಕೆಲಸದಲ್ಲಿ ಇರುವವರ ಸಮವಸ್ತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಾಸ್ಟೆಲುಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ಕಜ್ಜಿಗೆ ಎಲ್ಲರೂ ಒಟ್ಟಿಗೆ ಮುಲಾಮು ಹಚ್ಚಿಕೊಳ್ಳುವುದು ಎಷ್ಟು ಮುಖ್ಯವೋ, ಹಿಂದಿನ ಮೂರು ದಿನ ಬಳಸಿದ ಬಟ್ಟೆ ಮತ್ತು ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದೂ ಅಷ್ಟೇ ಮುಖ್ಯ. ಒಗೆಯಲಾಗದ್ದನ್ನು ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಒಂದು ವಾರ ಇಟ್ಟರೆ ಮನುಷ್ಯರ ಚರ್ಮ ಸಿಗದೆ ಕಜ್ಜಿ ಹುಟ್ಟಿಸುವ ನುಸಿಗಳು ಸಾಯುತ್ತವೆ. ಮಕ್ಕಳಿಗೆ ಔಷಧಿ ಕೊಟ್ಟು ಹಾಸಿಗೆಯನ್ನು ಹಾಗೆಯೇ ಬಿಟ್ಟರೆ ಕಜ್ಜಿ ಮರಳಿ ಬರುವ ಸಾಧ್ಯತೆ ಉಳಿದೇ ಇರುತ್ತದೆ.

ಒಗೆತದ ಸಂಖ್ಯೆಯಷ್ಟೇ ನೀರಿನ ಗುಣವೂ ಇಲ್ಲಿ ಮುಖ್ಯವಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಒಪ್ಪಬಹುದು. ಬಯಲುಸೀಮೆಯ ಕೊಳವೆಬಾವಿಗಳ ನೀರು ಎಷ್ಟು ಗಡಸೆಂಬುದನ್ನು ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಹೇಳುತ್ತದೆ. ಇಂಥ ನೀರಿನಲ್ಲಿ ಬಾರ್ ಸೋಪು ನೊರೆ ಕೊಡದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜೊತೆ ಸೇರಿ ಅಂಟಂಟಾದ ಗಸಿಯಾಗಿ ಬಟ್ಟೆಗೇ ಮೆತ್ತಿಕೊಳ್ಳುತ್ತದೆ. ಬಿಳಿ ಬಟ್ಟೆ ಬೂದಿಬಣ್ಣಕ್ಕೆ ತಿರುಗಿ, ಟವೆಲು ಹಪ್ಪಳದಂತೆ ಬಿರುಸಾದಾಗ ನಾವು ಅದನ್ನು ಕೊಳೆಯೆಂದು ತಿಳಿದು ಇನ್ನಷ್ಟು ಸೋಪು ಹಾಕುತ್ತೇವೆ, ಇನ್ನೊಮ್ಮೆ ಒಗೆಯುತ್ತೇವೆ. ಗಸಿಯೂ ಹೆಚ್ಚುತ್ತದೆ, ಅದನ್ನು ಜಾಲಿಸಲು ಬೇಕಾದ ನೀರೂ ಹೆಚ್ಚುತ್ತದೆ. ಗಡಸು ನೀರಿಗೆ ಸೋಪಿಗಿಂತ ಡಿಟರ್ಜೆಂಟ್ ಪುಡಿ ಮೇಲು, ನೆನೆಸುವಾಗ ಒಂದು ಚಮಚ ವಾಷಿಂಗ್ ಸೋಡಾ ಹಾಕಿದರೆ ಪುಡಿಯೂ ಕಡಿಮೆ ಸಾಕಾಗುತ್ತದೆ. ರೇಷ್ಮೆ ಮತ್ತು ಉಣ್ಣೆಗೆ ಮಾತ್ರ ಸೋಡಾ ತಾಗಿಸಬಾರದು. ಅರ್ಧ ಗಂಟೆಯ ನೆನೆಸುವಿಕೆ ಸಾಮಾನ್ಯ ಕೊಳೆಗೆ ಸಾಕು. ರಾತ್ರಿಯಿಡೀ ನೆನೆಹಾಕಿದರೆ ಬಟ್ಟೆ ಹೆಚ್ಚು ಶುಭ್ರವಾಗುವುದಿಲ್ಲ, ಬೆಳಿಗ್ಗೆಗೆ ಬಕೆಟ್ಟು ನಾರುತ್ತದೆ ಅಷ್ಟೇ. ಪುಡಿಯ ಅಳತೆ ಮೀರಿದರೆ ಅದರ ಫಲ ನಮ್ಮ ಬಚ್ಚಲಿನಲ್ಲೇ ನಿಲ್ಲುವುದೂ ಇಲ್ಲ: 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದು, ಆ ನೊರೆಗೇ ಬೆಂಕಿ ಹತ್ತಿದ ದೃಶ್ಯವನ್ನು ನಾಡೇ ನೋಡಿತು, ಸಂಸ್ಕರಣೆಯಾಗದೆ ಕೆರೆ ಸೇರಿದ ಕೊಳಚೆಯಲ್ಲಿ ಮನೆಮನೆಯ ಸೋಪಿನ ಪುಡಿಯೂ ಇತ್ತು.

ಕರಾವಳಿ ಮತ್ತು ಮಲೆನಾಡಿನ ಓದುಗರು ನನ್ನ ಬಿಸಿಲಿನ ಸಲಹೆಗಳಿಗೆ ನಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಬಟ್ಟೆ ಹೆಚ್ಚು ಹೊತ್ತು ಒದ್ದೆಯಾಗಿಯೇ ಉಳಿದರೆ ಬ್ಯಾಕ್ಟೀರಿಯಾಗಳು ಬೆಳೆದು ಮುಗ್ಗಲು ವಾಸನೆ ಬರುತ್ತದೆ, ಅದನ್ನು ಕಳೆಯಲು ಮತ್ತೆ ಒಗೆದರೆ ಮತ್ತೆ ಒದ್ದೆ. ಮಳೆಗಾಲದಲ್ಲಿ ದಪ್ಪ ಬಟ್ಟೆಗಳ ಸರದಿಯನ್ನು ಹೊಳವಾಗುವ ದಿನಕ್ಕೆ ಮುಂದೂಡಿ, ದಿನವೂ ಬೇಕಾದ ತೆಳು ಬಟ್ಟೆಗಳನ್ನಷ್ಟೇ ಸ್ವಲ್ಪಸ್ವಲ್ಪವಾಗಿ ಒಗೆದು, ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಂದರ ಮೇಲೊಂದು ಬೀಳದಂತೆ ಹರಡುವ ಆ ಕಡೆಯ ಕ್ರಮವನ್ನು ಬಾಲ್ಕನಿಯಷ್ಟೇ ಇರುವ ನಗರದ ಮನೆಗಳೂ ಫ್ಯಾನಿನ ಕೆಳಗೆ ಅನುಸರಿಸಬಹುದು.

ಈ ಪತ್ರ ಬರೆಯುವುದಕ್ಕೆ ಎರಡು ಕೋರಿಕೆಗಳೂ ಕಾರಣ. ಜಲಮಂಡಳಿ ಮತ್ತು ನಗರಸಭೆಗಳು ತಾವು ಪೂರೈಸುವ ನೀರಿನ ಗಡಸುತನವನ್ನು ಬಡಾವಣೆವಾರು ನೀರಿನ ಬಿಲ್ಲಿನಲ್ಲೇ ಅಚ್ಚು ಹಾಕಬೇಕು. ಬೇಸಿಗೆಯಲ್ಲಿ ನದಿ ನೀರಿಗೆ ಕೊಳವೆಬಾವಿಯ ನೀರು ಸೇರಿದಾಗ ಆ ಅಂಕಿ ಬದಲಾಗುವುದರಿಂದ ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ತಿದ್ದಬೇಕು. ಡಿಟರ್ಜೆಂಟ್ ತಯಾರಕರು ಮೆದು ನೀರಿಗೆ ಎಷ್ಟು, ಗಡಸು ನೀರಿಗೆ ಎಷ್ಟು ಪುಡಿ ಬೇಕೆಂಬುದನ್ನು ಪೊಟ್ಟಣದ ಮೇಲೆ ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ, ಕನ್ನಡದಲ್ಲಿ ನಮೂದಿಸಬೇಕು. ಇವೆರಡನ್ನು ಜೋಡಿಸಿ ನೋಡಿದರೆ ಎಷ್ಟು ಪುಡಿ ಸಾಕೆಂಬುದು ಯಾವ ಮನೆಯವರಿಗಾದರೂ ಗೊತ್ತಾಗುತ್ತದೆ. ಈ ಬಗ್ಗೆ ತಮ್ಮ ವರದಿಗಾರರು ಸಂಬಂಧಪಟ್ಟ ಅಧಿಕಾರಿಗಳನ್ನು ವಿಚಾರಿಸಿ ಬರೆಯಬೇಕೆಂದು ವಿನಂತಿ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು
ಬೆಂಗಳೂರು