ಹಳೇ ಅಂಗಡಿ ಕೆಡವೂ ಮುಂಚೆ ಒಂದು ಹಂಚು ತಿರುವಿ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಬೆಳಗಾವಿ ಖಡೇಬಜಾರದಾಗ ನಮ್ಮಪ್ಪ ಮೂವತ್ತು ವರ್ಷ ಲೆಕ್ಕ ಬರದ ಅರಬಿ (ಬಟ್ಟಿ) ಅಂಗಡಿ ಹೋದ ವಾರ ಕೆಡವಾಕ ಹತ್ತಿದ್ರು. ಹಂಚು ಇಳಿಸಿ ರಸ್ತೆ ಬಾಜೂಕ ಒಟ್ಟಿದ್ರು, ನಾ ಒಂದು ಎತ್ತಿ ತಿರುವಿ ನೋಡಿದ್ರ ಕೆಳಗ ಬಾಸೆಲ್ ಮಿಷನ್ ಅಂತ ಇಂಗ್ಲಿಷಿನ್ಯಾಗ ಅಚ್ಚು, ಜೋಡಿಗೆ 1865. ನಿಂತ ಮಂದಿ ಎಲ್ಲಾ ಹಂಗಾರ ಕಟ್ಟಡ 1865ರದ್ದು ಅಂದ್ರು. ಅಲ್ರಿ, ಅದು ಆ ಮಿಷನ್ನಿನವರು, ಅಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯವರು, ಮಂಗಳೂರಾಗ ಹಂಚಿನ ಕಾರ್ಖಾನೆ ಚಾಲೂ ಮಾಡಿದ ವರ್ಷ, ಆಮ್ಯಾಲೂ ಅದೇ ಇಸವಿ ಒತ್ತತಿದ್ರು. ಮಿಷನ್ನಿನ್ಯಾಗ ಜರ್ಮನ್ನರು ಇದ್ರಂತ ಮೊದಲ ಮಹಾಯುದ್ಧದ ಟೈಮಿಗೆ ಬ್ರಿಟಿಷರು ಕಾರ್ಖಾನೆ ವಶಕ್ಕ ತಗೊಂಡ್ರು, ಮುಂದ ಅದು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿಗೆ ಹೋತು, ಹಂಚಿನ ಮ್ಯಾಲಿನ ಹೆಸರೂ ಬದಲಾತು. ಹಂಗಾಗಿ ಮಿಷನ್ ಹೆಸರಿನ ಹಂಚು ಅಂದ್ರ ನೂರು ವರ್ಷಕ್ಕಿಂತ ಹಳೇದು. ಒಂದು ಕಟ್ಟಡದ್ದು ತಗದು ಇನ್ನೊಂದಕ್ಕ ಹೊಂದಸೋದೂ ಇತ್ತು ಬಿಡ್ರಿ, ಆದ್ರೂ ಇದು ಒಂದು ಪುರಾವೆ.

ಮುಂದಿನ ಬಾಗಲಾ ಈಗಿನಂಗ ಶಟರ್ ಅಲ್ಲ. ಹನ್ನೊಂದು ಸಾಗವಾನಿ ಫಳಿ, ಒಂದೊಂದಕ್ಕೂ ಬಡಗ್ಯಾ ಉಳಿಲೆ ಕೊರದ ಮರಾಠಿ ಅಂಕಿ. ಮುಂಜಾನೆ ಒಂದೊಂದ ಸರಿಸಿ ತಗದು ಒಳಗ ನಿಲ್ಲಸೋದು, ರಾತ್ರಿ ನಂಬರ್ ಪ್ರಕಾರ ಚೌಕಟ್ಟಿನ ಸೀಳಿನೊಳಗ ಇಳಿಸೋದು. ಸಣ್ಣಾವ ಇದ್ದಾಗ ನಾ ನಾಕನೇದ್ದು ಐದನೇದ್ದು ಅದಲು ಬದಲು ಮಾಡಿದ್ರ ಕಡೀ ಫಳಿ ಕೂಡತಿದ್ದಿಲ್ಲ, ಅಪ್ಪ ಎಲ್ಲಾ ತಗದು ಮತ್ತ ಮೊದಲಿಂದ ಹಾಕತಿದ್ರು.

ಗ್ವಾಡಿ ಎರಡು ಫೂಟ್ ದಪ್ಪ, ಮ್ಯಾಲ ಸುಣ್ಣದ ಗಚ್ಚು. ನಮ್ಮೂರ ಮಳಿ ಗೊತ್ತೈತಲ್ರಿ, ಜೂನಿನ್ಯಾಗ ಹಿಡದ್ರ ಸೆಪ್ಟೆಂಬರ್ ತನಕ. ಸುಣ್ಣದ ಗ್ವಾಡಿ ಹಸಿ ಹೀರಿದ್ರೂ ಬಿಸಲು ಬಿದ್ದ ಕೂಡ್ಲೇ ಹೊರಗ ಬಿಡತೈತಿ. ಕೆಲವು ವರ್ಷದ ಹಿಂದ ಮಾಲಕರು ಚಂದ ಕಾಣ್ಲಿ ಅಂತ ಸಿಮೆಂಟ್ ಪ್ಲಾಸ್ಟರ್ ಹೊಡಿಸಿದ್ರು, ನೀರು ಒಳಗ ಸಿಕ್ಕೊಂಡು ಗ್ವಾಡಿಯೊಳಗಿನ ತೊಲಿ ತುದಿ ಕುಂಬಾದ್ವು, ಈಗ ಡೇಂಜರ್ ಬಿಲ್ಡಿಂಗ್ ಅಂತ ಕೆಡವತಾರ. ಆ ಪ್ಲಾಸ್ಟರ್ ಇಲ್ಲದಿದ್ರ ಇನ್ನೂ ಎಷ್ಟೋ ವರ್ಷ ನಿಂದರತಿತ್ತು ಅಂತ ನನಗ ಖಾತ್ರಿ ಐತಿ, ನೋಡಿ ಹೊಟ್ಟಿ ಉರಿತು.

ಮುಂದ ದೊಡ್ಡ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಾಗ ಸೈಕಲ್ ಅಂಗಡಿ ತಗದಿದ್ದು ಇದೇ ಊರಾಗ, 1910ರಾಗ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ಹೋದ್ರು. ರಸ್ತೆಕ ಹೆಸರು ಉಳದೈತಿ, ಅಂಗಡಿ ಎಲ್ಲಿತ್ತು ಅಂತ ಕೇಳಿದ್ರ ನಮ್ಮ ಹುಡುಗರು ಬಾಯಿ ಬಾಯಿ ನೋಡತಾರ. ಕೋಟೆಯೊಳಗಿನ ಕಮಲ ಬಸದಿ ಪುರಾತತ್ವ ಇಲಾಖೆಯವರು ನೋಡ್ಕೋತಾರ, ಬಜಾರದ ಅಂಗಡಿ ಯಾರು ನೋಡಬೇಕ್ರಿ?

ಎಲ್ಲಾ ಉಳಸ್ರಿ ಅಂತ ನಾ ಹೇಳಾಂಗಿಲ್ಲ, ಮಾಲಕರದೂ ಸಂಸಾರ ಐತಿ. ಆದ್ರ ಕೆಡವಾಕ ಪರ್ಮಿಷನ್ ಕೊಡೂ ಮುಂಚೆ ಫೋಟೋ, ಅಳತಿ, ನಕ್ಷೆ ತಗೊಂಡು ಪಾಲಿಕೆಯೊಳಗ ಇಡೂದು ಕಡ್ಡಾಯ ಮಾಡ್ರಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರೋ ಊರು ಇದು, ಆರ್ಕಿಟೆಕ್ಚರ್ ಕಲಿಯೋ ಹುಡುಗರಿಗೆ ಹೇಳಿದ್ರ ಖುಷಿಲೇ ಮಾಡತಾರ. ನಮ್ಮಪ್ಪನ ಅಂಗಡಿ ಬಾಜೂದ ಕಟ್ಟಡ ಇನ್ನೂ ನಿಂತೈತಿ, ಮಳಿ ಹಿಡಿಯೂದ್ರೊಳಗ ಯಾರರೆ ಅಳತಿ ತಗೊಳ್ಳಾಕ ಬಂದ್ರ ನಾನ ಬಂದು ನಿಚ್ಚಣಿಕಿ ಹಿಡಿತೇನಿ.

ಒಬ್ಬ ಓದುಗ, ಶಹಾಪುರ, ಬೆಳಗಾವಿ